ಯಂತ್ರಸ್ವರವೂ ಸ್ಮೃತಿಯೂ

ಹಳೆಯ ವಿದ್ಯುದ್ವಾದ್ಯಗಳ ಮೇಲೆ ಈಚೆಗೆ ಹುಟ್ಟಿರುವ ಮಮತೆಯು ವಿಚಾರಾರ್ಹವಾದುದು. 1980ರ ದಶಕದಲ್ಲಿ ಪಾಶ್ಚಾತ್ಯರ ಮನೆಗಳನ್ನು ಹೊಕ್ಕ ಸಣ್ಣ ಕಂಪ್ಯೂಟರುಗಳ ಮತ್ತು ಸಿಂಥಸೈಜರುಗಳ ನಾದವನ್ನು ಆಟಿಕೆಯ ಸದ್ದೆಂದು ಹಳಿದವರು ಆಗ ಅನೇಕರಿದ್ದರು. ಇಂದು ಅದೇ ಯಂತ್ರಗಳನ್ನು ಹುಡುಕಿ, ಹೆಚ್ಚಿನ ಬೆಲೆ ತೆತ್ತು ಕೊಳ್ಳುವವರಿದ್ದಾರೆ. 1982ರಲ್ಲಿ ಹೊರಬಂದ ಕಮೋಡೋರ್ 64 ಎಂಬ ಯಂತ್ರಕ್ಕೆ ಏಕಕಾಲದಲ್ಲಿ ನುಡಿಯಬಲ್ಲ ಕಂಠಗಳು ಮೂರೇ. ಸ್ವರಮೇಳ ಬೇಕಾದಾಗ ಒಂದೇ ಕಂಠದಲ್ಲಿ ಹಲವು ಸ್ವರಗಳನ್ನು ಅತಿವೇಗದಿಂದ ಒಂದರ ಹಿಂದೊಂದಾಗಿ ಹೊರಡಿಸಿ ಕಿವಿಯನ್ನು ನಂಬಿಸುತ್ತಿದ್ದರು. ಬಡತನದಿಂದ ಹುಟ್ಟಿದ ಆ ಉಪಾಯವೇ ಈಗ ಒಂದು ಶೈಲಿಯೆಂದು ಮನ್ನಣೆ ಪಡೆದಿದೆ. ಹೀಗಿರಲಾಗಿ, ರಸಿಕನು ಹಂಬಲಿಸುವುದು ಯಾವುದಕ್ಕೆ? ಯಂತ್ರದ ದನಿಗೋ, ಆ ದನಿಯ ಕೊರತೆಯೊಡನೆ ಹೆಣಗಿದ ಕಲೆಗೋ, ಅಲ್ಲ, ತನ್ನ ಎಳೆತನಕ್ಕೋ? ಈ ಮೂರನ್ನೂ ಬಿಡಿಸಿ ನೋಡದೆ ಹೊಗಳುವುದು ವಿಮರ್ಶೆಯೆನಿಸದು.

ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಪಟ್ಟಣದ ಧ್ವನಿಮುದ್ರಣಾಲಯಗಳಿಗಿಂತ ಮೊದಲು ಮಂಡ್ಯ ಸೀಮೆಯ ಹಳ್ಳಿಗಳ ಕಡೆ ನೋಡುವುದು ಲೇಸು. ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಸುತ್ತಿನಲ್ಲಿಯೂ, ನಾಗಮಂಗಲ, ಪಾಂಡವಪುರಗಳ ಕಡೆಯಲ್ಲಿಯೂ ಊರವರೇ ಸೇರಿ ಆಡುವ ಪೌರಾಣಿಕ ನಾಟಕಗಳ ಸಂಪ್ರದಾಯವು ಇನ್ನೂ ಜೀವಂತವಾಗಿದೆ. ಅವುಗಳಲ್ಲಿ ‘ಕುರುಕ್ಷೇತ್ರ’ಕ್ಕೆ ಅಗ್ರಸ್ಥಾನ. ಪಾತ್ರಧಾರಿಗಳು ಬಹುಮಟ್ಟಿಗೆ ರೈತರು. ಪಾತ್ರಕ್ಕೆ ತಕ್ಕ ಹಣವನ್ನು ತಾವೇ ತೆತ್ತು, ಬಹುಕಾಲ ಅಭ್ಯಾಸಮಾಡಿ, ಒಂದು ರಾತ್ರಿಯೆಲ್ಲ ಹಾಡುತ್ತಾರೆ. ಅವರಿಗೆ ಮಾತು, ಮಟ್ಟು, ನಿಲುವುಗಳನ್ನು ಕಲಿಸುವಾತನು ಹಾರ್ಮೋನಿಯಂ ಮೇಷ್ಟ್ರು. ರಂಗದ ಬದಿಯಲ್ಲಿ ಕುಳಿತ ಈತನ ಕೆಲಸ ಬರಿಯ ಪಕ್ಕವಾದ್ಯದ್ದಲ್ಲ. ಕೌರವನ ಪಾತ್ರಧಾರಿಯ ಶ್ರುತಿ ಜಾರಿದರೆ ಸ್ವರವನ್ನು ಎತ್ತಿ ಹಿಡಿಯುವನು. ಪದ್ಯ ಮರೆತರೆ ಮಟ್ಟಿನ ಮೊದಲ ತುಣುಕನ್ನು ಮತ್ತೆ ನುಡಿಸಿ ನೆನಪು ಕೊಡುವನು. ಉಸಿರು ಸಾಲದವನಿಗಾಗಿ ಸಾಲಿನ ಕೊನೆಯನ್ನು ತಾನೇ ತುಂಬುವನು. ಈ ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಈಗ ವಿದ್ಯುತ್ ಕೀಲಿಮಣೆಯೂ ಬಂದು ಕೂತಿದೆ. ಅದನ್ನು ಯಾರು ತಯಾರಿಸಿರಲಿ, ಜನ ಕರೆಯುವುದು ‘ಕ್ಯಾಸಿಯೊ’ ಎಂದೇ. ಜಪಾನಿನ ಆ ಸಂಸ್ಥೆ ತನ್ನ ಮೊದಲ ಕೀಲಿಮಣೆಯನ್ನು ಮಾರಾಟಕ್ಕೆ ತಂದದ್ದು 1980ರಲ್ಲಿ. ಶಂಖಧ್ವನಿ, ಸಿಡಿಲು, ರಣವಾದ್ಯಗಳ ಆರ್ಭಟ ಇವು ಈ ಹೊಸ ಪೆಟ್ಟಿಗೆಯ ಪಾಲು. ಪದ್ಯದ ಹೊಣೆ ಮಾತ್ರ ಹಳೆಯ ಪೆಟ್ಟಿಗೆಯದು. ಈ ಕಾರ್ಯವಿಭಾಗವನ್ನು ಯಾವ ಶಾಸ್ತ್ರಕಾರನೂ ವಿಧಿಸಿದ್ದಲ್ಲ. ಅದರ ಹಿಂದಿನ ವಿವೇಕವು ಪಂಡಿತರ ಗಮನಕ್ಕೆ ತಕ್ಕಷ್ಟು ಬಂದಂತಿಲ್ಲ.

ಹಾರ್ಮೋನಿಯಮ್ಮಾದರೂ ನಮ್ಮದೆಂದು ಹುಟ್ಟಿದ ವಾದ್ಯವಲ್ಲ. ಅಲೆಕ್ಸಾಂಡರ್ ದೆಬೆನ್ ಎಂಬಾತನು 1842ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಸಮನಾಗಿ ಹಂಚಿದ ಹನ್ನೆರಡು ಸ್ವರಸ್ಥಾನಗಳು, ಒಂದರಿಂದ ಒಂದಕ್ಕೆ ಜಾರಲಾರದ ಮನೆಗಳು, ಗಮಕಕ್ಕೆ ಎಡೆಯಿಲ್ಲದ ನೇರದನಿ: ಇವೇ ಅದರ ಮೇಲೆ ಹೊರಿಸಿದ ಆರೋಪಗಳು. 1940ರ ಮಾರ್ಚ್ 1ರಿಂದ ಆಕಾಶವಾಣಿಯು ಅದನ್ನು ತನ್ನ ಸಂಗೀತ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ರವೀಂದ್ರನಾಥ ಠಾಕೂರರೂ ಅದರ ವಿರೋಧಿಗಳಾಗಿದ್ದರು. ಈ ನಿಷೇಧ ಸಡಿಲವಾಗಲು ಮೂರು ದಶಕಗಳು ಹಿಡಿದುವು. ಆ ಅವಧಿಯಲ್ಲಿ ಕನ್ನಡದ ವೃತ್ತಿನಾಟಕ ಮಂಡಲಿಗಳು ಕಾಲಿನಿಂದ ತಿದಿಯೊತ್ತಿ ಎರಡು ಕೈಗಳಿಂದಲೂ ನುಡಿಸುವ ದೊಡ್ಡ ಹಾರ್ಮೋನಿಯಮ್ಮನ್ನು ಬಿಟ್ಟುಕೊಡಲಿಲ್ಲ. ಇಂದು ವಿದ್ಯುತ್ ಕೀಲಿಮಣೆಯನ್ನು ನಿರ್ಜೀವವೆಂದು ತೆಗಳಿ, ಹಾರ್ಮೋನಿಯಮ್ಮಿನ ದನಿಯೇ ನಾಟಕದ ಜೀವವೆನ್ನುವವರು, ಹಿಂದೆ ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ್ದ ಆರೋಪಗಳನ್ನೇ ಹೆಸರು ಬದಲಿಸಿ ಓದುತ್ತಿದ್ದಾರೆ. ಎರಡು ಕಾಲದಲ್ಲಿಯೂ ವಾದವು ನಾದದ ಬಣ್ಣವೊಂದನ್ನೇ ಹಿಡಿದು ಹೊರಟಿತು. ಆ ನಾದವು ಏನನ್ನು ಹೊತ್ತು ನಡೆಯುತ್ತಿದೆಯೆಂಬುದನ್ನು ಕೇಳಲಿಲ್ಲ.

ಇದೇ ಲೋಪವು ಹೊಗಳಿಕೆಯಲ್ಲಿಯೂ ಉಂಟು. ಮುಂಬಯಿಯ ಚಿತ್ರಸಂಗೀತದ ವಾದಕರಾಗಿದ್ದ ಚರಣಜಿತ್ ಸಿಂಗ್ 1982ರಲ್ಲಿ ರೋಲೆಂಡ್ ಸಂಸ್ಥೆಯ ಮೂರು ಯಂತ್ರಗಳಿಂದ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರು. ಬಹುತೇಕ ಮರೆವಿಗೆ ಸಂದಿದ್ದ ಆ ಮುದ್ರಿಕೆ 2010ರಲ್ಲಿ ಮತ್ತೆ ಹೊರಬಂದಾಗ, ಅಮೆರಿಕದ ಷಿಕಾಗೋದಲ್ಲಿ ಕೆಲವು ವರ್ಷಗಳ ತರುವಾಯ ಹುಟ್ಟಿದ ನೃತ್ಯಸಂಗೀತಕ್ಕೆ ಅದು ಮುಂಗೋಳಿಯೆಂದು ಪ್ರಶಂಸೆಗೆ ಪಾತ್ರವಾಯಿತು. ಮುಂಗೋಳಿಯ ಕೂಗೇನೋ ಸರಿ. ಅದು ಕೂಗಿದ್ದು ಯಾವ ರಾಗದಲ್ಲಿ ಎಂಬುದನ್ನು ವಿಚಾರಿಸಿದವರು ಕಡಿಮೆ. ಆ ಯಂತ್ರಗಳಲ್ಲೊಂದಕ್ಕೆ ಸ್ವರದಿಂದ ಸ್ವರಕ್ಕೆ ಜಾರುವ ಶಕ್ತಿಯಿತ್ತು. ಜಾರುವಿಕೆ ಮಾತ್ರದಿಂದ ಅದು ಮೀಂಡ್ ಆಗುವುದೇ, ಅಥವಾ ಮೀಂಡಿನ ನೆರಳಷ್ಟೇ ಆಗುವುದೇ ಎಂಬುದು ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ.

ಕನ್ನಡದಲ್ಲಿ ಈ ಸ್ಮೃತಿಯು ಹೆಚ್ಚಾಗಿ ಸುತ್ತುವುದು 1987ರ ‘ಪ್ರೇಮಲೋಕ’ ಚಿತ್ರದ ಸುತ್ತ. ಅದರ ಹಾಡುಗಳಿಗೆ ಪದ್ಯವೂ ಮಟ್ಟೂ ಹಂಸಲೇಖರವೇ. ಅಲ್ಲಿನ ವಿದ್ಯುದ್ವಾದ್ಯಗಳ ಹೊಳಪು ಆ ಕಾಲದ ಯುವಜನರನ್ನು ಸೆಳೆಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹಾಡುಗಳು ಬಾಳಿದ್ದು ಹೊಳಪಿನಿಂದಲ್ಲ. ಒಂದೇ ಸಮನೆ ಬೀಳುವ ಯಂತ್ರತಾಳದ ಮೇಲೆ ಬೀದಿಯ ಆಡುಮಾತನ್ನು, ಸವಾಲು ಜವಾಬುಗಳನ್ನು, ಅವುಗಳ ಗುರುಲಘುಗಳು ಕೆಡದಂತೆ ಕೂರಿಸಿದ ಕೌಶಲವೇ ಅವುಗಳ ಬಲ. ತಾಳ ಬಾಗದು, ಆದುದರಿಂದ ಮಾತೇ ಬಾಗಿ, ಬಳುಕಿ, ಕುಣಿಯಬೇಕಾಯಿತು. ಹಳ್ಳಿಯ ಮೇಷ್ಟ್ರು ಗಮಕವಿಲ್ಲದ ಪೆಟ್ಟಿಗೆಯಿಂದ ಕಂದಪದ್ಯವನ್ನು ನಡೆಸುವುದೂ ಇದೇ ಜಾಡಿನಲ್ಲಿ: ಗಮಕವನ್ನು ಗಾಯಕನ ಕಂಠಕ್ಕೆ ಬಿಟ್ಟು, ಪೆಟ್ಟಿಗೆಯು ನೆಲವಾಗಿ ನಿಲ್ಲುತ್ತದೆ. ಯಂತ್ರದ ದನಿಯನ್ನು ಮಾತ್ರ ಅನುಕರಿಸಿ ಪದ್ಯವನ್ನು ಅಲಕ್ಷಿಸಿದ ಹಾಡುಗಳು ಎಷ್ಟೋ ಬಂದುವು, ಹೋದುವು.

ಸಂರಕ್ಷಣೆಯ ಮಾತು ಬಂದಾಗಲೂ ಈ ಭೇದವನ್ನು ಮರೆಯತಕ್ಕದ್ದಲ್ಲ. ಹಾರ್ಮೋನಿಯಮ್ಮಿನ ರೀಡು ಕೆಟ್ಟರೆ ಕೆರೆದು ಶ್ರುತಿಮಾಡುವ ಕುಶಲರು ದೊರೆಯುತ್ತಾರೆ. ಹಳೆಯ ಸಿಂಥಸೈಜರಿನ ಚಿಪ್ಪು ಸುಟ್ಟರೆ, ಅದರ ತಯಾರಿಕೆ ನಿಂತಿರುವಾಗ, ಮತ್ತೊಂದು ಸತ್ತ ಯಂತ್ರದಿಂದ ಕಿತ್ತು ತರಬೇಕು. ದನಿಯನ್ನಾದರೋ ಇಂದಿನ ಕಂಪ್ಯೂಟರು ಹೆಚ್ಚುಕಡಮೆ ಯಥಾವತ್ತಾಗಿ ಅನುಕರಿಸಬಲ್ಲುದು. ಹೀಗೆ ಅನುಕರಣಕ್ಕೆ ಸಿಕ್ಕದಿರುವುದು ಮೇಷ್ಟ್ರ ವಿದ್ಯೆ. ಯಾವ ಸಾಲಿಗೆ ಎಷ್ಟು ತಡೆಯಬೇಕು, ಯಾವ ಪಾತ್ರಧಾರಿಗೆ ಎಷ್ಟು ಮನೆ ಇಳಿಸಬೇಕು ಎಂಬುದು ಮಟ್ಟುಗಳ ಪುಸ್ತಕದಲ್ಲಿ ಬರೆದಿಡುವಂಥದಲ್ಲ. ನಾಟಕದ ರಾತ್ರಿಯ ಧ್ವನಿಮುದ್ರಣಗಳು ಬೇಕಾದಷ್ಟು ದೊರಕುತ್ತವೆ. ಅದಕ್ಕೆ ಹಿಂದಿನ ಅಭ್ಯಾಸದ ಸಂಜೆಗಳನ್ನು, ಮೇಷ್ಟ್ರು ಗದರಿಸಿ ಹಾಡು ನಿಲ್ಲಿಸಿ ಅದೇ ಸಾಲನ್ನು ಮರಳಿ ಎತ್ತಿಕೊಡುವುದರ ಸಹಿತ, ಯಾರಾದರೂ ಮುದ್ರಿಸಿಕೊಳ್ಳಬೇಕಾಗಿದೆ.