ವೈಜ್ಞಾನಿಕ ಕಥನದಲ್ಲಿ ದುರಂತನಾಯಕ: ‘ಕಲ್ಕಿ 2898 ಎಡಿ’ ಚಿತ್ರದ ಅಶ್ವತ್ಥಾಮ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ)

ನಾನು ಮಾತಾಡ್ತಿರೋದು ಅಮರಾಪುರದಿಂದ. ನೆಟ್‌ವರ್ಕ್ ನಡುವೆ ಕೈಕೊಟ್ಟರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ, ಆ ಭಾಗ ಮತ್ತೆ ಹೇಳ್ತೀನಿ.

ನಾನು ಆರಿಸಿಕೊಂಡ ಪಾತ್ರ ನಾಗ್ ಅಶ್ವಿನ್ ನಿರ್ದೇಶನದ ‘ಕಲ್ಕಿ 2898 ಎಡಿ’ ಚಿತ್ರದ ಅಶ್ವತ್ಥಾಮ. ಚಿತ್ರ ತೆರೆಗೆ ಬಂದದ್ದು 2024ರ ಜೂನ್ 27ರಂದು. ಮೂಲ ತೆಲುಗು, ಕನ್ನಡಕ್ಕೂ ಡಬ್ ಆಯ್ತು. ನಮ್ಮ ಮಡಕಶಿರಾ ಸೀಮೆಯಲ್ಲಿ ಮನೆಮಾತು ಕನ್ನಡ, ಸಿನಿಮಾ ಹೆಚ್ಚಾಗಿ ತೆಲುಗು. ಹಾಗಾಗಿ ಇದನ್ನ ‘ಅವರ ಚಿತ್ರ’ ಅಂತ ಪಕ್ಕಕ್ಕೆ ಇಡೋ ಸೌಲಭ್ಯ ನಮಗಿಲ್ಲ. ಚಿತ್ರ ಬಂದಾಗಿನಿಂದ ನಮ್ಮ ಹುಡುಗರ ನಡುವೆ ಒಂದು ಮಾತು ಓಡಾಡ್ತಿದೆ: ‘ಕೊನೆಗೂ ಅಶ್ವತ್ಥಾಮನಿಗೆ ನ್ಯಾಯ ಸಿಕ್ತು.’ ಆ ಮಾತನ್ನ ಪರೀಕ್ಷೆ ಮಾಡೋದೇ ಈ ಪ್ರಬಂಧದ ಉದ್ದೇಶ.

ಹುಡುಗರು ಹಾಗೆ ಅನ್ನೋದಕ್ಕೆ ಕಾರಣ ಇದೆ. ನಮ್ಮ ಕಡೆ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ದುರ್ಯೋಧನ, ಭೀಮ, ಕರ್ಣ, ಕೃಷ್ಣನ ಪಾತ್ರಗಳಿಗೆ ಪೈಪೋಟಿ ನಡೆಯುತ್ತೆ. ದುಡ್ಡು ಕಟ್ಟಿ ಪಾತ್ರ ಹಿಡೀತಾರೆ. ಅಶ್ವತ್ಥಾಮನ ಪಾತ್ರಕ್ಕೆ ಜಗಳ ಆಡಿದವರನ್ನ ನಾನಂತೂ ಕಂಡಿಲ್ಲ. ಅಂಥವನನ್ನ ಅಮಿತಾಭ್ ಬಚ್ಚನ್ ಅವರು ಮಾಡಿ, ಎಂಟಡಿ ಆಳಿನ ಹಾಗೆ ಪರದೆ ತುಂಬ ನಿಂತಾಗ ಸಂತೋಷ ಆಗೋದು ಸಹಜ. ಆದರೆ ಪಾತ್ರ ದೊಡ್ಡದಾಗಿ ಕಾಣೋದು ಬೇರೆ, ಪಾತ್ರವನ್ನ ಚೆನ್ನಾಗಿ ಬರೆದಿರೋದು ಬೇರೆ.

ಮೊದಲು ಅಳತೆಗೋಲು ಯಾವುದು ಅಂತ ಹೇಳಿಬಿಡ್ತೀನಿ. ದುರಂತನಾಯಕ ಅಂದ ತಕ್ಷಣ ನಾವು ಅರಿಸ್ಟಾಟಲ್ ಕಡೆ ಓಡ್ತೇವೆ. ಅಷ್ಟು ದೂರ ಹೋಗಬೇಕಾಗಿಲ್ಲ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣನನ್ನ ದುರಂತನಾಯಕ ಎಂದು ಗುರುತಿಸಿ ಬಿ.ಎಂ. ಶ್ರೀಕಂಠಯ್ಯನವರು ಬರೆದದ್ದು ನಮಗೆಲ್ಲ ಗೊತ್ತು. ಆ ರಾವಣ ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಎಂಬ ವ್ರತ ಹಿಡಿದವನು. ಸೀತೆಯನ್ನ ತಂದು ಜಾರುತ್ತಾನೆ. ಆಮೇಲೆ ಅವಳ ದುಃಖ ಕಂಡು ಅವನ ಮನಸ್ಸು ತಿರುಗುತ್ತದೆ, ಒಪ್ಪಿಸಿಬಿಡಬೇಕು ಅಂತ ತೀರ್ಮಾನಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಕೊಟ್ಟ ಅನ್ನಿಸಿಕೊಳ್ಳಬೇಕಲ್ಲ! ರಾಮಲಕ್ಷ್ಮಣರನ್ನ ಯುದ್ಧದಲ್ಲಿ ಸೆರೆಹಿಡಿದು, ಆಮೇಲೆ ಗೌರವದಿಂದ ಕೊಡ್ತೀನಿ ಅಂತ ಹೊರಡುತ್ತಾನೆ. ಆ ಒಂದು ‘ಆಮೇಲೆ’ಯಲ್ಲಿ ಅವನ ಸಾವಿದೆ.

ಇದರಿಂದ ನನಗೆ ಎರಡು ಪ್ರಶ್ನೆ ಸಿಗುತ್ತವೆ. ಬೀಳುವವನ ಮುಂದೆ ಇನ್ನೊಂದು ದಾರಿ ತೆರೆದಿತ್ತು ಅನ್ನೋದು ನಮಗೆ ಕಾಣುತ್ತದೆಯೇ? ಬಿದ್ದಮೇಲೆ ಅವನಿಗೆ ತನ್ನ ಬಗ್ಗೆ ಏನು ತಿಳಿಯುತ್ತದೆ?

ಈಗ ಚಿತ್ರಕ್ಕೆ ಬರೋಣ. ಚಿತ್ರದ ಹಂದರದಲ್ಲಿ ನಿಜವಾದ ಪ್ರತಿಭೆ ಇದೆ, ಅದನ್ನ ಮೊದಲೇ ಒಪ್ಪಬೇಕು. ಕುರುಕ್ಷೇತ್ರದ ಕೊನೆಯಲ್ಲಿ ಉತ್ತರೆಯ ಗರ್ಭಕ್ಕೆ ಅಸ್ತ್ರ ಬಿಟ್ಟ ಅಶ್ವತ್ಥಾಮನಿಗೆ ಸಾವಿಲ್ಲದ ಅಲೆದಾಟದ ಶಾಪ ಬರುತ್ತೆ. ಆರು ಸಾವಿರ ವರ್ಷ ಕಳೆದಮೇಲೆ, ನೀರು ನೆರಳಿಲ್ಲದ ಕಾಶಿಯ ಕಾಲದಲ್ಲಿ, ಕಲ್ಕಿಯನ್ನ ಹೊತ್ತ ಸುಮತಿಯ ಗರ್ಭವನ್ನ ಕಾಯೋದು ಅವನ ಪಾಲಿಗೆ ಬರುತ್ತೆ. ಭ್ರೂಣ ಕೊಲ್ಲಹೊರಟ ಕೈಯೇ ಭ್ರೂಣ ಕಾಯಬೇಕು. ಎದುರಾಳಿ ಸುಪ್ರೀಂ ಯಾಸ್ಕಿನ್ ಕೂಡ ಹೆಣ್ಣುಗಳ ಗರ್ಭದಿಂದಲೇ ತನ್ನ ಆಯುಸ್ಸಿಗೆ ಸಾರ ಹಿಂಡುವವನು. ಅಂದರೆ ಅಶ್ವತ್ಥಾಮ ಹೋರಾಡಬೇಕಾದ್ದು ತನ್ನದೇ ಹಳೇ ಪಾಪದ ಯಂತ್ರರೂಪದ ಜೊತೆಗೆ. ಇಷ್ಟು ಅಚ್ಚುಕಟ್ಟಾದ ಹಂದರ ನಮ್ಮ ಜನಪ್ರಿಯ ಚಿತ್ರಗಳಲ್ಲಿ ಅಪರೂಪ.

ಆದರೆ ಹಂದರ ಹಾಕಿದಮೇಲೆ ಬಳ್ಳಿ ಹಬ್ಬಬೇಕಲ್ಲ? ಚಿತ್ರ ನಮಗೆ ಶಿಕ್ಷೆಯನ್ನ ತೋರಿಸುತ್ತೆ, ಬಿಡುಗಡೆಯ ದಾರಿ ತೋರಿಸುತ್ತೆ. ಪತನವನ್ನ ಮಾತ್ರ ತೋರಿಸೋದಿಲ್ಲ. ಅಶ್ವತ್ಥಾಮ ನಮಗೆ ಸಿಗೋ ಹೊತ್ತಿಗೆ ಬಿದ್ದಾಗಿದೆ.

ವ್ಯಾಸಭಾರತದ ಸೌಪ್ತಿಕಪರ್ವ ನೋಡಿ. ಆಲದ ಮರದ ಕೆಳಗೆ ಮೂವರು ಕೂತಿದ್ದಾರೆ. ಮಲಗಿರೋ ಕಾಗೆಗಳನ್ನ ಗೂಬೆ ಕೊಲ್ಲೋದನ್ನ ಅಶ್ವತ್ಥಾಮ ಕಾಣ್ತಾನೆ, ಮಲಗಿದವರನ್ನ ಕೊಲ್ಲೋ ಯೋಚನೆ ಅಲ್ಲಿ ಹುಟ್ಟುತ್ತೆ. ಪಕ್ಕದಲ್ಲೇ ಸೋದರಮಾವ ಕೃಪ ಇದ್ದಾನೆ. ಇವತ್ತು ರಾತ್ರಿ ಮಲಗು, ಬೆಳಗ್ಗೆ ಎದ್ದು ನೇರಾನೇರ ಯುದ್ಧ ಮಾಡೋಣ ಅಂತ ಬುದ್ಧಿ ಹೇಳ್ತಾನೆ. ಅದೇ ತೆರೆದ ಬಾಗಿಲು. ಅಳಿಯ ಅದನ್ನ ತಳ್ಳಿ ಹೋಗ್ತಾನೆ. ಹೋಗುವವನು ರಾಕ್ಷಸ ಅಲ್ಲ, ಸುಳ್ಳಿನಿಂದ ತಂದೆಯನ್ನ ಕಳಕೊಂಡ ಮಗ. ‘ಅಶ್ವತ್ಥಾಮ ಸತ್ತ’ ಅನ್ನೋ ಅವನ ಹೆಸರಿನ ಮಾತನ್ನೇ ಅವನಪ್ಪನ ಮೇಲೆ ಆಯುಧ ಮಾಡಿದರು. ಬಡತನದಲ್ಲಿ ಹಿಟ್ಟು ಕಲಸಿದ ನೀರನ್ನ ಹಾಲು ಅಂತ ಕುಡಿದ ಕೂಸು ಅವನು. ಇದಿಷ್ಟೂ ಗೊತ್ತಿದ್ದರೆ ಅವನ ಸಿಟ್ಟು ನಮಗೆ ಅರ್ಥ ಆಗುತ್ತೆ. ಅರ್ಥ ಆದಮೇಲೂ ಆ ರಾತ್ರಿಯನ್ನ ಒಪ್ಪೋಕೆ ಆಗೋದಿಲ್ಲ. ದುರಂತ ಹುಟ್ಟೋದು ಈ ಇಕ್ಕಟ್ಟಿನಲ್ಲೇ.

ಆ ರಾತ್ರಿ ಸತ್ತವರನ್ನ ಮರೆಯಬಾರದು. ಮಲಗಿದ್ದ ಉಪಪಾಂಡವರು ಐದೂ ಜನ ಹೋದರು. ನಮ್ಮ ರನ್ನ ಇದನ್ನ ಮರೆತಿಲ್ಲ. ‘ಗದಾಯುದ್ಧ’ದಲ್ಲಿ ಅಶ್ವತ್ಥಾಮನ ಸ್ವಾಮಿನಿಷ್ಠೆಗೆ ರನ್ನ ದೊಡ್ಡ ಜಾಗ ಕೊಡ್ತಾನೆ, ದುರ್ಯೋಧನನನ್ನ ಬಿಟ್ಟುಹೋಗ್ತಿರೋ ಲಕ್ಷ್ಮಿಯನ್ನೇ ಅಡ್ಡಗಟ್ಟಿ ಎಳೆತರುವಷ್ಟು. ಆದರೆ ಅದೇ ಅಶ್ವತ್ಥಾಮ ಪಾಂಡವರ ತಲೆ ಅಂತ ತಂದಾಗ, ತೊಡೆ ಮುರಿದು ಬಿದ್ದಿರೋ ದುರ್ಯೋಧನ ಅವು ಮಕ್ಕಳ ತಲೆ ಅಂತ ಗುರುತಿಸಿ ಮರುಗುತ್ತಾನೆ. ಯಾರಿಗೋಸ್ಕರ ಕೊಂದನೋ ಅವನೇ ಆ ಕೊಲೆಯನ್ನ ಒಪ್ಪಲಿಲ್ಲ. ನಿಷ್ಠೆ ಪೂರ್ತಿ ಖಾಲಿಯಾಗೋ ಗಳಿಗೆ ಅದು. ಚಿತ್ರದಲ್ಲಿ ಈ ಐದು ಮಕ್ಕಳಿಗೆ ತೂಕವೇ ಇಲ್ಲ. ಗರ್ಭದ ಲೆಕ್ಕ ಗರ್ಭಕ್ಕೆ ಸರಿಹೋಯ್ತು, ಇವರ ಲೆಕ್ಕ ಯಾರು ಕೊಡ್ತಾರೆ? ‘ನ್ಯಾಯ ಸಿಕ್ತು’ ಅನ್ನೋರನ್ನ ನಾನು ಕೇಳೋದು ಇಷ್ಟೇ: ಯಾರಿಗೆ?

ಇನ್ನೊಂದು ವಿಷಯ ವೈಜ್ಞಾನಿಕ ಕಥನಕ್ಕೇ ಸೇರಿದ್ದು. ಸೌಪ್ತಿಕದಲ್ಲಿ ಅರ್ಜುನ, ಅಶ್ವತ್ಥಾಮ ಇಬ್ಬರೂ ಮಹಾಸ್ತ್ರ ಬಿಡ್ತಾರೆ. ವ್ಯಾಸ ನಾರದರು ನಡುವೆ ನಿಂತು ತಡೀತಾರೆ. ಅರ್ಜುನ ತನ್ನದನ್ನ ಹಿಂದಕ್ಕೆ ತಗೋತಾನೆ. ಅಶ್ವತ್ಥಾಮನಿಗೆ ಬಿಡೋಕೆ ಬರುತ್ತೆ, ಹಿಂತೆಗೆಯೋಕೆ ಬರೋದಿಲ್ಲ. ಆಗಲೇ ಅದನ್ನ ಗರ್ಭಗಳ ಕಡೆ ತಿರುಗಿಸ್ತಾನೆ. ಮಗನ ಚಂಚಲ ಸ್ವಭಾವ ಬಲ್ಲ ದ್ರೋಣ ಆ ವಿದ್ಯೆ ಕಲಿಸೋಕೆ ಹಿಂದೆಮುಂದೆ ನೋಡಿದ್ದ, ಕಾಟ ತಾಳಲಾರದೆ ಕಲಿಸಿದ. ಅರ್ಧ ಕಲಿತ ವಿದ್ಯೆ, ವಾಪಸ್ ಕರೆಯಲಾಗದ ಆಯುಧ, ಪ್ರೀತಿಗೆ ಸೋತು ಕಲಿಸಿದ ಗುರು. 1945ರ ನಂತರದ ಜಗತ್ತಿನ ವೈಜ್ಞಾನಿಕ ಕಥನ ತಲೆ ಕೆಡಿಸಿಕೊಂಡಿರೋದೇ ಇದರ ಬಗ್ಗೆ. ಭವಿಷ್ಯದ ಕಥೆ ಹೇಳೋ ಚಿತ್ರಕ್ಕೆ ಪುರಾಣವೇ ಈ ಬೀಜ ಕೈಗೆ ಕೊಟ್ಟಿತ್ತು. ಚಿತ್ರ ಅಸ್ತ್ರದ ಬೆಳಕನ್ನ ತಗೊಂಡಿತು, ಪ್ರಶ್ನೆಯನ್ನ ಬಿಟ್ಟಿತು.

ಇನ್ನು ಕಾಲದ ಮಾತು. ಮೂಲದಲ್ಲಿ ಶಾಪ ಮೂರು ಸಾವಿರ ವರ್ಷದ್ದು. ಚಿತ್ರ ಅದನ್ನ ಇಮ್ಮಡಿ ಮಾಡಿದೆ. ಆದರೆ ಆ ವರ್ಷಗಳು ಮನುಷ್ಯನಿಗೆ ಏನು ಮಾಡಿದವು? ಬಿ.ಎಂ.ಶ್ರೀ ಅವರು 1929ರಲ್ಲಿ ಸೋಫೋಕ್ಲಿಸನ ‘ಏಜಾಕ್ಸ್’ ಇಟ್ಟುಕೊಂಡು ‘ಅಶ್ವತ್ಥಾಮನ್’ ಬರೆದಾಗ ಚಿರಂಜೀವಿಯನ್ನೇ ಸಾಯಿಸಿದರು. ಪುರಾಣಕ್ಕೆ ಇದು ವಿರುದ್ಧ. ಆದರೂ ಯಾಕೆ ಹಾಗೆ ಮಾಡಿದರು? ಗ್ರೀಕ್ ಮಾದರಿಯ ರುದ್ರನಾಟಕಕ್ಕೆ ಒಂದು ಕೊನೆ ಬೇಕಿತ್ತು, ಸಾಯದವನಿಗೆ ಆ ಕೊನೆ ಇಲ್ಲ. ರಂಗಭೂಮಿಗೆ ಆಗದ ಕೆಲಸ ವೈಜ್ಞಾನಿಕ ಕಥನಕ್ಕೆ ಆಗುತ್ತೆ: ಸಾವಿಲ್ಲದಿರೋದನ್ನೇ ದುರಂತ ಮಾಡಬಹುದು. ತಾನು ಕೊಂದ ಮಕ್ಕಳ ಹೆಸರು ಭೂಮಿ ಮೇಲೆ ತನಗೊಬ್ಬನಿಗೇ ನೆನಪಿದೆ ಅನ್ನೋ ಸ್ಥಿತಿ ಎಂಥದ್ದು! ಚಿತ್ರದಲ್ಲಿ ಆರು ಸಾವಿರ ವರ್ಷ ಅನ್ನೋದು ಬಸ್‌ಸ್ಟ್ಯಾಂಡಿನಲ್ಲಿ ಕಾದಹಾಗಿದೆ. ಮಣಿ ಬೆಳಗಿತು, ಬಸ್ ಬಂತು, ಎದ್ದು ಹೊರಟ. ಪಶ್ಚಾತ್ತಾಪಕ್ಕಿಂತ ಹೊಡೆದಾಟಕ್ಕೆ ಹೆಚ್ಚು ಸಮಯ ಸಿಕ್ಕಿದೆ.

ಜನಪ್ರಿಯ ಚಿತ್ರದಿಂದ ಇಷ್ಟೆಲ್ಲ ಕೇಳಬಾರದು ಅನ್ನೋ ಆಕ್ಷೇಪ ಬರಬಹುದು. ಅದಕ್ಕೆ ‘ಸ್ಟಾರ್ ವಾರ್ಸ್’ ಸಾಲಿನ ಅನಾಕಿನ್ ಸ್ಕೈವಾಕರ್‌ನನ್ನ ನೋಡಿ. 2005ರಲ್ಲಿ ಬಂದ ‘ರಿವೆಂಜ್ ಆಫ್ ದಿ ಸಿತ್’ನ ಸಂಭಾಷಣೆ ಒಣಕಲು ಅಂತ ಬೈದವರು ಬಹಳ. ಆದರೂ ಅಲ್ಲಿ ಒಂದು ಕೋಣೆ ಇದೆ, ಎರಡು ದಾರಿ ಇದೆ, ಅವನು ಆರಿಸ್ತಾನೆ. ಹೆಂಡತಿಯನ್ನ ಉಳಿಸೋಕೆ ಅಂತ ಬಿದ್ದವನು ಮಕ್ಕಳನ್ನ ಕೊಲ್ತಾನೆ, ಹೆಂಡತಿಯೂ ಉಳಿಯೋದಿಲ್ಲ. ಮಾತು ದುರ್ಬಲ, ಪತನ ಗಟ್ಟಿ. ‘ಕಲ್ಕಿ’ಯಲ್ಲಿ ಗತ್ತು ಗಟ್ಟಿ, ಪತನವೇ ಇಲ್ಲ.

ಹಾಗಾಗಿ ನನ್ನ ತೀರ್ಮಾನ ಇದು. ಈ ಅಶ್ವತ್ಥಾಮ ಒಳ್ಳೆಯ ಕಾವಲುಗಾರ, ಒಳ್ಳೆಯ ಪರದೆ ವ್ಯಕ್ತಿತ್ವ. ದುರಂತನಾಯಕನಾಗಿ ಅವನನ್ನ ಇನ್ನೂ ಬರೆದಿಲ್ಲ. ಕೃಷ್ಣ ಹೇಳಿದ ಕೆಲಸ ಮಾಡ್ತಿದ್ದಾನೆ, ತಾನೇ ಕಂಡುಕೊಂಡ ಕೆಲಸ ಮಾಡ್ತಿಲ್ಲ. ನಾಗಚಂದ್ರನ ರಾವಣನಿಗೆ ಯಾರೂ ಹೇಳಿಕೊಡಲಿಲ್ಲ, ಅವನ ಮನಸ್ಸೇ ತಿರುಗಿತು.

ಸಂವಾದ

ಪ್ರಶ್ನೆ (ಸಂಶೋಧನಾರ್ಥಿನಿಯೊಬ್ಬರು): ಇದು ಮೊದಲ ಭಾಗ ಅಷ್ಟೇ ಅಲ್ವಾ? ಪಶ್ಚಾತ್ತಾಪ ಮುಂದಿನ ಭಾಗದಲ್ಲಿ ಬರಬಹುದು. ಈಗಲೇ ತೀರ್ಪು ಕೊಡೋದು ಆತುರ ಆಗೋದಿಲ್ವಾ?

ಉತ್ತರ: ಬರಬಹುದು ಮೇಡಂ, ಬಂದರೆ ನನಗೇ ಸಂತೋಷ. ಆದರೆ ನಾವು ಮೂರು ಗಂಟೆ ನೋಡಿ ಈಗಾಗಲೇ ಅವನನ್ನ ಕ್ಷಮಿಸಿ ಎದ್ದು ಬಂದಿದ್ದೇವೆ, ಚಪ್ಪಾಳೆ ಹೊಡೆದಾಗಿದೆ. ಆ ಕ್ಷಮೆ ಯಾವ ಆಧಾರದ ಮೇಲೆ ಸಿಕ್ತು ಅಂತ ಕೇಳೋಕೆ ಎರಡನೇ ಭಾಗ ಬೇಕಾಗಿಲ್ಲ.

ಪ್ರಶ್ನೆ (ಅಧ್ಯಾಪಕರೊಬ್ಬರು): ಹಾಗಾದರೆ ಒಂದೇ ಒಂದು ದೃಶ್ಯ ಸೇರಿಸೋ ಅವಕಾಶ ಸಿಕ್ಕರೆ ಯಾವುದನ್ನ ಸೇರಿಸ್ತೀರಿ?

ಉತ್ತರ: ಸುಮತಿ ಅವನನ್ನ ಕೇಳಬೇಕು ಸರ್, ‘ನೀನು ಯಾಕೆ ನನ್ನನ್ನ ಕಾಯ್ತಿದ್ದೀಯ?’ ಅಂತ. ಅವನು ಆ ರಾತ್ರಿಯ ಕಥೆಯನ್ನ ಕೃಪನ ಮಾತೂ ಬಿಡದೆ ಹೇಳಬೇಕು. ಕೇಳಿದಮೇಲೂ ಅವನ ಜೊತೆ ನಡೀಬೇಕೋ ಬೇಡವೋ ಅನ್ನೋ ನಿರ್ಧಾರ ಅವಳದಾಗಬೇಕು.