ಸೆರೆಯ ಆರು ತಿಂಗಳು: ‘ರಾಮಧಾನ್ಯ ಚರಿತ್ರೆ’ಯನ್ನು ಎಲ್ಲಿ ಹಿಡಿಯಬೇಕು?

ಕನಕದಾಸರ ‘ರಾಮಧಾನ್ಯ ಚರಿತ್ರೆ’ಗೆ ಈಚಿನ ವರ್ಷಗಳಲ್ಲಿ ಹೊಗಳಿಕೆಗೇನೂ ಕೊರತೆಯಿಲ್ಲ. ಜಯಂತಿಯ ವೇದಿಕೆಗಳಲ್ಲಿ ಅದು ಜಾತಿವ್ಯವಸ್ಥೆಗೆ ಎಸೆದ ಸವಾಲು. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅದು ರಾಗಿಯ ಗುಣಗಾನಕ್ಕೆ ಸಿದ್ಧ ಸಾಕ್ಷಿಯೂ ಆಯಿತು. ಎರಡು ಕಡೆಯವರೂ ಎತ್ತಿ ಹೇಳುವುದು ಒಂದೇ ಭಾಗವನ್ನು: ನೆಲ್ಲು ಮತ್ತು ರಾಗಿಯ ಬೈಗುಳದ ಜಗಳವನ್ನು. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಕಾವ್ಯದ ಶಕ್ತಿ ಇರುವುದು ಜಗಳದಲ್ಲಲ್ಲ, ಜಗಳವನ್ನು ರಾಮ ತೀರ್ಮಾನಿಸುವ ಬಗೆಯಲ್ಲಿ. ಆ ಬಗೆಯನ್ನು ನಮ್ಮ ವಿಮರ್ಶೆ ಎರಡು ವಾಕ್ಯದಲ್ಲಿ ದಾಟಿಬಿಡುತ್ತದೆ.

ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಕೆಯಿಂದ ಮರಳುವ ರಾಮನಿಗೆ ಋಷಿಗಳು ಬಗೆಬಗೆಯ ಧಾನ್ಯದ ಅಡುಗೆ ಬಡಿಸುತ್ತಾರೆ. ಯಾವುದು ಮೇಲು ಎಂಬ ಪ್ರಶ್ನೆ ಏಳುತ್ತದೆ. ಗೌತಮ ನರೆದಲೆಗದ, ಅಂದರೆ ರಾಗಿಯ ಪರ ಮಾತಾಡುತ್ತಾನೆ; ವ್ರೀಹಿ, ಅಂದರೆ ನೆಲ್ಲು ಕೆರಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ನೆಲ್ಲು ಸೊರಗಿದೆ, ನರೆದಲೆಗ ಗಟ್ಟಿಯಾಗಿದೆ. ರಾಮ ಅದಕ್ಕೆ ತನ್ನ ಹೆಸರನ್ನೇ ಕೊಡುತ್ತಾನೆ. 150ಕ್ಕೂ ಹೆಚ್ಚು ಭಾಮಿನಿ ಷಟ್ಪದಿಗಳ ಈ ಕಾವ್ಯ ಆಕಾರದಲ್ಲಿ ಕನಕದಾಸರದೇ ‘ಮೋಹನತರಂಗಿಣಿ’ಯ ಮುಂದೆ ಚಿಕ್ಕದು, ಆಲೋಚನೆಯಲ್ಲಿ ಅಲ್ಲ.

ಮೊದಲು ಆ ಜಗಳವನ್ನೇ ನೋಡೋಣ. ನೈವೇದ್ಯ, ಮಂತ್ರಾಕ್ಷತೆ, ಮದುವೆ, ವಿಪ್ರರ ಭೋಜನ ಎಲ್ಲಕ್ಕೂ ತಾನೇ ಬೇಕೆಂದು ವ್ರೀಹಿ ಎದೆಯುಬ್ಬಿಸುತ್ತದೆ, ನರೆದಲೆಗವನ್ನು ಶೂದ್ರರ ಅನ್ನವೆಂದು ಜರೆಯುತ್ತದೆ. ಬರಗಾಲದಲ್ಲಿ ಬಡವರನ್ನು ಸಾಕುವವನು ನಾನು, ನೀನು ಉಳ್ಳವರ ಕಡೆಯವನು ಎಂದು ನರೆದಲೆಗ ತಿರುಗಿ ಹೇಳುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಮಾತು ಏರಿದಂತೆ ನರೆದಲೆಗ, ಹೆಣದ ಬಾಯಿಗೆ ಬೀಳುವ ಅಕ್ಕಿ ನೀನೆಂದು ಎದುರಾಳಿಯನ್ನು ಹಳಿಯುತ್ತದೆ. ವೇದಿಕೆಯ ಮೇಲೆ ಚಪ್ಪಾಳೆ ಬೀಳುವುದು ಈ ಮಾತಿಗೆ. ಸ್ವಲ್ಪ ನಿಂತು ಯೋಚಿಸಿದರೆ ಇದು ಬಂಡಾಯವಲ್ಲ. ಸತ್ತವರ ಬಾಯಿಗೆ ಅಕ್ಕಿ ಹಾಕುವುದು ಮನುಷ್ಯ ಮನುಷ್ಯನಿಗೆ ಮಾಡುವ ಕೊನೆಯ ಉಪಚಾರ. ಅದನ್ನು ಕಳಂಕವೆಂದು ಎಣಿಸಬೇಕಾದರೆ ಮೈಲಿಗೆಯ ಲೆಕ್ಕವನ್ನು ಒಪ್ಪಿಕೊಂಡಿರಬೇಕು. ನರೆದಲೆಗವನ್ನು ಕೀಳುಮಾಡಿದ್ದೂ ಅದೇ ಲೆಕ್ಕವಲ್ಲವೇ? ಎದುರಾಳಿಯ ಕೈಯಿಂದ ಕಿತ್ತುಕೊಂಡ ಕತ್ತಿಯಿಂದಲೇ ನರೆದಲೆಗ ಹೋರಾಡುತ್ತಿದೆ. ಕನಕದಾಸರು ಇದನ್ನು ಬಲ್ಲವರು. ಆದ್ದರಿಂದಲೇ ಅವರ ರಾಮ ಈ ಮಾತುಗಳಲ್ಲಿ ಯಾವುದನ್ನೂ ಸರಿ ಎನ್ನುವುದಿಲ್ಲ, ತಪ್ಪು ಎನ್ನುವುದೂ ಇಲ್ಲ. ಇಬ್ಬರನ್ನೂ ಸೆರೆಗೆ ಕಳಿಸುತ್ತಾನೆ.

ಏಕೆ? ರಾಮ ಬರಿಯ ಅರಸನಲ್ಲ, ಕವಿಯ ಪಾಲಿಗೆ ಸಾಕ್ಷಾತ್ ಆದಿಕೇಶವ, ಸರ್ವಜ್ಞ. ಯಾವ ಧಾನ್ಯ ಹೆಚ್ಚಿನದೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಎದುರಾಡುವವರೂ ಇರಲಿಲ್ಲ. ಬೇಡವೆಂದರೆ ಶಾಸ್ತ್ರ ಬಲ್ಲವರೇ ಸುತ್ತ ಕುಳಿತಿದ್ದರು, ಅವರನ್ನು ಕೇಳಬಹುದಿತ್ತು. ಕೇಳಿದ್ದರೆ ತೀರ್ಪು ಆ ಕ್ಷಣವೇ ವ್ರೀಹಿಯ ಕಡೆಗೆ ಬೀಳುತ್ತಿತ್ತು. ಶ್ರೌತಯಜ್ಞದ ಪುರೋಡಾಶಕ್ಕೆ ಹೇಳಿರುವುದು ವ್ರೀಹಿ, ಯವಗಳನ್ನು. ಅಲ್ಲಿ ರಾಗಿಗೆ ಜಾಗವಿಲ್ಲ. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಅದು ಹೊರಗಿನಿಂದ ಬಂದು ನಮ್ಮ ಹೊಲದಲ್ಲಿ ನೆಲೆ ಕಂಡಿತೇ ಹೊರತು ಯಜ್ಞಶಾಲೆಯಲ್ಲಲ್ಲ. ಹೀಗೆ ವಚನದ ಬಲವೆಲ್ಲ ಒಬ್ಬರ ಕಡೆಗಿರುವ ವ್ಯಾಜ್ಯದಲ್ಲಿ ರಾಮ ವಚನವನ್ನು ಕೇಳುವುದಿಲ್ಲ, ಎಲ್ಲರ ಕಣ್ಣಿಗೆ ಕಾಣುವುದನ್ನು ಸಾಕ್ಷಿಗೆ ಕರೆಯುತ್ತಾನೆ.

ಇದನ್ನು ಆಕಸ್ಮಿಕವೆಂದು ನಾನು ಒಪ್ಪಲಾರೆ. ಪರಂಪರೆಯಂತೆ ಕನಕದಾಸರು ವ್ಯಾಸರಾಯರ ಶಿಷ್ಯರು. ‘ನ್ಯಾಯಾಮೃತ’ದಲ್ಲಿ ವ್ಯಾಸರಾಯರು ಪ್ರತ್ಯಕ್ಷದ ಪ್ರಾಬಲ್ಯಕ್ಕಾಗಿ ದೀರ್ಘವಾಗಿ ವಾದಿಸಿದವರು. ಪರೀಕ್ಷಿಸಿ ನಿಂತ ಪ್ರತ್ಯಕ್ಷವನ್ನು ಆಗಮದ ಹೆಸರಿನಲ್ಲಿ ತಳ್ಳಿಹಾಕುವಂತಿಲ್ಲ ಎಂಬುದು ಆ ಸಿದ್ಧಾಂತದ ಬೆನ್ನೆಲುಬು. ಗುರುಗಳು ಅದ್ವೈತದ ಎದುರು ತರ್ಕದಲ್ಲಿ ಮಾಡಿದ್ದನ್ನು ಶಿಷ್ಯರು ಎರಡು ಕಾಳುಗಳ ಕಥೆಯಲ್ಲಿ ಮಾಡಿದರು. ದಾಸಸಾಹಿತ್ಯ ಶಾಸ್ತ್ರದ ಸರಳ ಅನುವಾದ ಎಂದು ಹೇಳುತ್ತ ಬಂದವರು ಈ ಜಾಗವನ್ನು ಗಮನಿಸಬೇಕು. ಶಾಸ್ತ್ರಕಾರರು ಜಗತ್ತು ನಿಜವೆಂದು ತೋರಿಸಲು ಬಳಸಿದ ಆಯುಧವನ್ನು ಕನಕದಾಸರು, ಜಗತ್ತಿನಲ್ಲಿ ಯಾರು ಕೀಳು ಎಂಬ ಪ್ರಶ್ನೆಯ ಮೇಲೆ ಪ್ರಯೋಗಿಸಿದ್ದಾರೆ. ಅದು ಅನುವಾದವಲ್ಲ, ಹೊಸ ಹೆಜ್ಜೆ.

ಪರೀಕ್ಷೆಯ ಸ್ವರೂಪವೂ ಅಷ್ಟೇ ಹೊಸತು. ಧರ್ಮಶಾಸ್ತ್ರಗಳು ಹೇಳುವ ದಿವ್ಯಗಳು ನಮಗೆ ಗೊತ್ತು: ತಕ್ಕಡಿಯಲ್ಲಿ ತೂಗುವುದು, ಕಾದ ಕಬ್ಬಿಣ ಹಿಡಿಸುವುದು, ನೀರಿನಲ್ಲಿ ಮುಳುಗಿಸುವುದು, ವಿಷ ಕುಡಿಸುವುದು. ಕಳ್ಳತನದ ಸಂಶಯದಲ್ಲಿ ಅಕ್ಕಿ ಅಗಿಯಲು ಕೊಟ್ಟು, ಉಗಿದಾಗ ರಕ್ತ ಕಂಡರೆ ಅಪರಾಧಿಯೆಂದು ತಿಳಿಯುವ ತಂಡುಲ ದಿವ್ಯವೂ ಇತ್ತು. ಎಲ್ಲದರಲ್ಲಿಯೂ ದೈವ ಕೈಹಾಕುತ್ತದೆ, ಸುಡಬೇಕಾದದ್ದು ಸುಡುವುದಿಲ್ಲ. ಸೀತೆಯ ಅಗ್ನಿಪರೀಕ್ಷೆ ಇಂಥದ್ದರ ತುದಿ. ಕನಕದಾಸರ ಕಥೆ ನಡೆಯುವುದು ರಾಮಾಯಣದಲ್ಲಿ ಆ ಬೆಂಕಿ ಆರಿದ ಸ್ವಲ್ಪ ಹೊತ್ತಿಗೆ. ಅದೇ ರಾಮನ ಕೈಯಲ್ಲಿ ಕವಿ ಈಗ ಪವಾಡವೇ ಇಲ್ಲದ ಪರೀಕ್ಷೆಯೊಂದನ್ನು ಮಾಡಿಸುತ್ತಾರೆ. ಬೆಂಕಿಯಿಲ್ಲ, ಆಕಾಶವಾಣಿಯಿಲ್ಲ. ಆರು ತಿಂಗಳು ಇಟ್ಟು ನೋಡುವುದು, ಅಷ್ಟೆ. ಬೇರೆಯವರ ಪರೀಕ್ಷೆಗೆ ಸಾಧನವಾಗಿದ್ದ ಅಕ್ಕಿಯ ವಂಶ ಇಲ್ಲಿ ತಾನೇ ಕಟಕಟೆಯಲ್ಲಿ ನಿಂತಿದೆ. ಕಾಲ ಮಾತ್ರ ಸಾಕ್ಷಿ.

ಕೃಷಿ ಬಲ್ಲ ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು. ಸಿಪ್ಪೆಯೊಳಗಿರುವ ನೆಲ್ಲು ಆರು ತಿಂಗಳಿಗೆ ಕೆಡುವ ವಸ್ತುವಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಗಟ್ಟುತ್ತದೆ, ಹಳೆಯ ಅಕ್ಕಿಗೆ ಬೆಲೆ ಹೆಚ್ಚು. ಹಾಗಾದರೆ ಕವಿ ವ್ರೀಹಿಯನ್ನು ಸೋಲಿಸಲೆಂದೇ ಪರೀಕ್ಷೆ ಹೂಡಿದರೇ? ನಾನು ಈ ಪ್ರಶ್ನೆಯ ಸುತ್ತ ಬಹಳ ತಿರುಗಿದ್ದೇನೆ. ಉತ್ತರ ಇರುವುದು ಧಾನ್ಯ ಇಡುವ ಕ್ರಮದಲ್ಲಿ. ನೆಲ್ಲು ಉಳಿಯಬೇಕಾದರೆ ಚೆನ್ನಾಗಿ ಒಣಗಿಸಬೇಕು, ತೇವ ತಾಗದ ಕಣಜ ಬೇಕು, ಆಗಾಗ ಬಿಸಿಲು ಕಾಣಿಸಬೇಕು. ಅಕ್ಕಿಯಾದರೆ ಹುಳು, ನುಸಿ ಕಾದೇ ಇರುತ್ತವೆ. ರಾಗಿಗೆ ಇಷ್ಟು ಆರೈಕೆ ಬೇಡ. ಬಯಲುಸೀಮೆಯ ಊರುಗಳಲ್ಲಿ ನೆಲದೊಳಗೆ ಹಗೇವು ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ವರ್ಷಗಳು ಕಳೆದ ಮೇಲೆ ತೆರೆದರೂ ಕಾಳು ಕಾಳಾಗಿಯೇ ಇರುತ್ತಿತ್ತು. ತೆರೆದ ಕೂಡಲೇ ಇಳಿಯುವಂತಿರಲಿಲ್ಲ. ಒಳಗಿನ ಗಾಳಿಗೆ ಉಸಿರುಕಟ್ಟಿ ಸತ್ತವರಿದ್ದಾರೆ. ಅದಕ್ಕೇ ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯುವುದು. ಮನುಷ್ಯರ ಉಸಿರು ನಿಲ್ಲುವ ಕತ್ತಲಲ್ಲಿ ರಾಗಿ ಕೆಡದೆ ಕೂತಿರುತ್ತದೆ.

ಈ ಬೆಳಕಿನಲ್ಲಿ ನೋಡಿದರೆ ಸೆರೆಯ ಅರ್ಥ ತೆರೆಯುತ್ತದೆ. ಸೆರೆಯಲ್ಲಿ ಕಣಜವಿಲ್ಲ, ಒಣಗಿಸುವ ಕೈಯಿಲ್ಲ, ಪೂಜೆಯ ತಟ್ಟೆಯಿಲ್ಲ. ವ್ರೀಹಿಯ ಹಿರಿಮೆ ಪೊಳ್ಳಲ್ಲ. ಆದರೆ ಅದು ಇನ್ನೊಬ್ಬರ ಆರೈಕೆಯಲ್ಲಿ ನಿಂತ ಹಿರಿಮೆ. ಆರೈಕೆಯನ್ನು ಇಬ್ಬರಿಂದಲೂ ಸಮನಾಗಿ ಕಿತ್ತುಕೊಂಡಾಗ ಯಾರು ಯಾರ ಬಲದಲ್ಲಿ ನಿಂತಿದ್ದರೆಂದು ಗೊತ್ತಾಗುತ್ತದೆ. ಸೆರೆಯೊಳಗಿನ ದಿನಗಳಿಗೆ ಕವಿ ಕೊಡುವ ಜಾಗ ತೀರ ಕಡಿಮೆ. ಅಲ್ಲಿ ವಾದವಿಲ್ಲ, ವರ್ಣನೆಯಿಲ್ಲ. ಮಾತಿನಲ್ಲಿ ಗೆಲ್ಲಲಾಗದ್ದನ್ನು ನರೆದಲೆಗ ಇದ್ದಹಾಗೆ ಇದ್ದು ಗೆಲ್ಲುತ್ತದೆ. ಕಥೆಯ ಕೇಳುಗನನ್ನೂ ಮರೆಯಬಾರದು. ಶಾಂಡಿಲ್ಯ ಮುನಿ ಇದನ್ನು ಹೇಳುತ್ತಿರುವುದು ರಾಜ್ಯ ಕಳೆದುಕೊಂಡು ಕಾಡು ಸೇರಿದ ಧರ್ಮರಾಯನಿಗೆ. ಕಥೆಯೊಳಗಿನ ರಾಮನೂ 14 ವರ್ಷ ವನವಾಸ ಮುಗಿಸಿ ಬರುತ್ತಿರುವವನು. ಆಸರೆ ತಪ್ಪಿದಾಗ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಹೇಳುವವರು, ಕೇಳುವವರು, ತೀರ್ಪು ಕೊಡುವವರು ಎಲ್ಲರ ನಡುವೆಯೂ ಕವಿ ಹರಡಿಟ್ಟಿದ್ದಾರೆ.

ಇನ್ನು ವಿಮರ್ಶಕರ ವಿಷಯ. ಒಂದು ಗುಂಪಿನವರು ಕನಕದಾಸರು ಇಲ್ಲಿ ಮಾಧ್ವರ ತಾರತಮ್ಯವನ್ನು ಧಿಕ್ಕರಿಸಿ ಸಮಾನತೆ ಸಾರಿದ್ದಾರೆ ಎನ್ನುತ್ತಾರೆ. ಕಾವ್ಯ ಹಾಗೆ ಹೇಳುವುದಿಲ್ಲ. ಯಾರು ಹೆಚ್ಚು ಎಂಬ ಪ್ರಶ್ನೆಯನ್ನು ಅದು ತಳ್ಳಿಹಾಕದೆ ಎತ್ತಿಕೊಂಡು ಉತ್ತರಿಸುತ್ತದೆ. ಜೀವಜೀವಗಳಲ್ಲಿ ಸ್ವರೂಪದ ತಾರತಮ್ಯವಿದೆ ಎಂಬುದು ಮಧ್ವಮತದ ಮಾತು. ಆದರೆ ಆ ಸ್ವರೂಪ ಹೊದ್ದಿರುವ ದೇಹವೇ ಬೇರೆ. ದೇಹದ ಕುಲ ನೋಡಿ ಸ್ವರೂಪ ಹೇಳುವಂತಿಲ್ಲ ಎಂಬ ತೀರ್ಮಾನ ಆ ಮಾತಿನೊಳಗೇ ಅಡಗಿದೆ. ಬಹುಮಂದಿ ಅದನ್ನು ಆಚರಣೆಗೆ ತರಲಿಲ್ಲ. ಕನಕದಾಸರು ಕಾವ್ಯಕ್ಕೆ ತಂದರು. ಏಣಿಯನ್ನು ಸುಡುವುದಕ್ಕಿಂತ ಏಣಿಯ ಅಳತೆಗೋಲನ್ನು ಕಸಿದುಕೊಳ್ಳುವುದು ಕಷ್ಟದ ಕೆಲಸ. ಸಮಾನತೆಯ ಘೋಷಣೆಯನ್ನು ಒಪ್ಪದವರು ಅದನ್ನು ಕೇಳಿ ಸುಮ್ಮನೆ ಎದ್ದುಹೋಗಬಹುದು. ತಮ್ಮದೇ ಸಿದ್ಧಾಂತದ ಮಾತಿನಲ್ಲಿ ತಮ್ಮನ್ನೇ ಕೇಳುವ ಕವಿಯೆದುರು ಹಾಗೆ ಏಳಲು ಬರುವುದಿಲ್ಲ.

ಇನ್ನೊಂದು ಗುಂಪಿನವರಿಗೆ ಕಾವ್ಯದ ಕೊನೆ ರಾಜಿಯಂತೆ ಕಾಣುತ್ತದೆ. ರಾಮ ಸೋತ ವ್ರೀಹಿಯನ್ನೂ ಸಂತೈಸುತ್ತಾನೆ, ಇಬ್ಬರೂ ಲೋಕಕ್ಕೆ ಬೇಕೆಂದು ಹೇಳಿ ಒಂದುಗೂಡಿಸುತ್ತಾನೆ. ಕವಿ ಹೆದರಿ ಹಿಂದೆ ಸರಿದರು ಎಂಬ ಟೀಕೆ ಇದರ ಮೇಲೆ ನಿಂತಿದೆ. ಈ ಟೀಕೆಯಲ್ಲಿ ನನಗೆ ಕಾಣುವುದು ಸಿಟ್ಟು ಮಾತ್ರ, ಓದು ಅಲ್ಲ. ಸಂತೈಸುವಿಕೆ ಬರುವುದು ತೀರ್ಪಿನ ನಂತರ. ತೀರ್ಪನ್ನು ಅದು ಎಳ್ಳಷ್ಟೂ ಸಡಿಲಿಸುವುದಿಲ್ಲ. ರಾಮನ ಹೆಸರು ಸಿಕ್ಕಿದ್ದು ನರೆದಲೆಗಕ್ಕೇ, ಅದನ್ನು ಕವಿ ಹಿಂದಕ್ಕೆ ಪಡೆಯಲಿಲ್ಲ. ಗೆದ್ದವರಿಗೆ ಸೋತವರನ್ನು ತುಳಿಯುವ ಹಕ್ಕೂ ಸಿಗಬೇಕಿತ್ತು ಎನ್ನುವುದಾದರೆ, ಜಗಳದಲ್ಲಿ ನರೆದಲೆಗ ಮಾಡಿದ ತಪ್ಪನ್ನೇ ನಾವು ರಾಮನಿಂದಲೂ ಬಯಸಿದಂತಾಯಿತು. ಸೆರೆಯಿಂದ ಹೊರಬಂದ ನರೆದಲೆಗ ಹೆಣದ ಮಾತನ್ನು ಮತ್ತೆ ಎತ್ತಬೇಕಾದ ಗರಜು ಇಲ್ಲದಂತೆ ಕವಿ ಮಾಡಿದ್ದಾರೆ. ನಾನು ಇದನ್ನು ಕಾವ್ಯದ ಧೈರ್ಯವೆಂದೇ ಎಣಿಸುತ್ತೇನೆ.

ದೋಷಗಳಿಲ್ಲವೆಂದಲ್ಲ. ಸ್ತುತಿಯ ಭಾಗಗಳು ಅಲ್ಲಲ್ಲಿ ಕಥೆಯನ್ನು ತಡೆಯುತ್ತವೆ. ದೇವತೆಗಳ ಸಭೆ ಸೇರುವಲ್ಲಿ ಷಟ್ಪದಿಯ ಓಟ ಭಾರವಾಗುತ್ತದೆ. ಕುಮಾರವ್ಯಾಸನ ಭಾಮಿನಿಯ ಸೆಳೆತವನ್ನು ಇಲ್ಲಿ ಹುಡುಕುವವರಿಗೆ ನಿರಾಸೆಯಾಗುತ್ತದೆ. ಆದರೆ ಅಷ್ಟಕ್ಕೇ ಇದನ್ನು ಎರಡನೆಯ ಸಾಲಿನ ಕಾವ್ಯವೆಂದು ಬದಿಗಿಡುವುದು ತಪ್ಪು. ಜಗಳದ ನಾಲ್ಕು ಪದ್ಯ ಕಂಠಪಾಠ ಮಾಡಿಸಿ ಮುಗಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಸರ್ವಶಕ್ತನಾದ ದೇವರು ತನ್ನ ಅಧಿಕಾರವನ್ನು ಹಿಂದಿಟ್ಟು, ಎಲ್ಲರೂ ಕಣ್ಣಾರೆ ಕಾಣುವಂಥ ಪುರಾವೆಗಾಗಿ ಕಾಯುವ ಕಥೆಗಳು ನಮ್ಮಲ್ಲಿ ವಿರಳ. ಯಾರನ್ನಾದರೂ ಕೀಳೆಂದು ಕರೆಯುವ ಮೊದಲು ಅವರಿಗೂ ನಿಮಗೂ ಒಂದೇ ಕತ್ತಲು, ಒಂದೇ ಅವಧಿ ಕೊಟ್ಟು ನೋಡಿ ಎನ್ನುತ್ತದೆ ಈ ಕಾವ್ಯ. ಭಕ್ತಿಯ ಕಾವ್ಯವೊಂದು ನ್ಯಾಯದ ಬಗ್ಗೆ ಇಷ್ಟು ಖಚಿತವಾಗಿ ಯೋಚಿಸಿರುವಾಗ, ಅದನ್ನು ಧಾನ್ಯದ ಜಾಹೀರಾತಾಗಿಯೋ ಜಯಂತಿಯ ಘೋಷಣೆಯಾಗಿಯೋ ಉಳಿಸಿಕೊಳ್ಳುವುದು ಕನಕದಾಸರಿಗೆ ನಾವು ಮಾಡುವ ಅನ್ಯಾಯ. ಅವರನ್ನು ನ್ಯಾಯದ ಚಿಂತಕರೆಂದು ಓದುವ ಕೆಲಸ ಇನ್ನೂ ಬಾಕಿಯಿದೆ.