ಗಡಸುತನವೊಂದೇ ಬಾಳಿಕೆಯಲ್ಲ

ಆಲೆನ್ ಬೋಲ್ಟಿನ ತಲೆಯಲ್ಲಿರುವ ಆರು ಮೂಲೆಯ ಕುಳಿಗೆ ಕೂರುವ ಉಕ್ಕಿನ ಸರಳು, ಅದನ್ನು ಹಿಡಿದಿರುವ ಸಾಕೆಟ್ - ಇದೇ ಹೆಕ್ಸ್ ಬಿಟ್ ಸಾಕೆಟ್. ಮೆಕ್ಯಾನಿಕ್ಕರು ದಿನವೂ ಬಳಸುವ ಈ ಸಾಧನದ ಗುಣವನ್ನು ಮಾರಾಟಗಾರರು ಹೆಚ್ಚಾಗಿ ರಾಕ್‌ವೆಲ್ ಗಡಸುತನದ ಅಂಕಿಯಿಂದಲೇ ಹೊಗಳುತ್ತಾರೆ. ಅಂಕಿ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು ಎಂಬುದು ಅದರ ಧ್ವನಿ. ಇದು ಅರ್ಧಸತ್ಯ.

ಗಡಸುತನವೆಂದರೆ ಗೀರು, ತಗ್ಗು, ಸವೆತಗಳಿಗೆ ಒಡ್ಡುವ ಪ್ರತಿರೋಧ. ಮುರಿಯುವ ಮುನ್ನ ಶಕ್ತಿಯನ್ನು ಹೀರಿಕೊಳ್ಳುವ ಗುಣವೇ ಬೇರೆ. ಅದನ್ನು ತಾಳಿಕೆ ಎನ್ನೋಣ. ಅರ ಬಲು ಗಡಸು, ಆದರೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಬಿಟ್ಟಿಗೆ ಎರಡೂ ಗುಣ ಬೇಕು. ಸಿಲಿಕಾನ್, ಮಾಲಿಬ್ಡಿನಮ್ ಬೆರೆತ ‘ಎಸ್-2’ ಉಕ್ಕು ಆಘಾತ ತಾಳುವ ವರ್ಗದ್ದು. ಆದರೂ ಕಾಯಿಸಿ ತಣಿಸಿದ ಬಳಿಕ ಮತ್ತೆ ಹದವಾಗಿ ಕಾಯಿಸದಿದ್ದರೆ ಅದೂ ಪೆಡಸೇ.

ಗಡಸುತನದ ಅಂಕಿ ಹೇಳದ ಇನ್ನೊಂದು ಸಂಗತಿ ಅಳತೆ. ಒಂದೇ ಉಕ್ಕಿನಲ್ಲಿ ಟಾರ್ಕ್ ತಾಳುವ ಸಾಮರ್ಥ್ಯ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. 5 ಮಿ.ಮೀ. ಕುಳಿಗೆ ಅಂಗುಲದ ಲೆಕ್ಕದ 3/16 ಬಿಟ್ (4.76 ಮಿ.ಮೀ.) ಹಾಕಿದರೆ ಸಾಮರ್ಥ್ಯ ಸುಮಾರು ಶೇ. 14ರಷ್ಟು ಕುಗ್ಗುತ್ತದೆ. ಜೊತೆಗೆ ಒತ್ತಡವೆಲ್ಲ ಮೂಲೆಗಳ ಮೇಲೆ ಬಿದ್ದು ಬೋಲ್ಟಿನ ಕುಳಿಯೇ ದುಂಡಗಾಗುತ್ತದೆ. ಎಷ್ಟು ಗಡಸಾದ ಬಿಟ್ಟೂ ಇದನ್ನು ತಪ್ಪಿಸಲಾರದು.

ಆದ್ದರಿಂದ ಮೊದಲು ಅಳತೆಯ ಹೊಂದಿಕೆ, ಬಳಿಕ ಉಕ್ಕು ಮತ್ತು ಅದರ ಹದ, ಕೆಲಸಕ್ಕೆ ಸಾಕಾಗುವಷ್ಟೇ ಉದ್ದ. ಗಡಸುತನದ ಅಂಕಿ ಇವುಗಳ ನಂತರ. ಅಧ್ಯಾಪಕರು ಈ ಉದಾಹರಣೆಯನ್ನು ತರಗತಿಗೆ ಒಯ್ಯಲಿ. ಗಡಸುತನ, ತಾಳಿಕೆಗಳ ವ್ಯತ್ಯಾಸ ಪರೀಕ್ಷೆಯಲ್ಲಿ ತಪ್ಪಿದರೆ ಹೋಗುವುದು ಅಂಕ; ಗ್ಯಾರೇಜಿನಲ್ಲಿ ತಪ್ಪಿದರೆ ಪೆಟ್ಟಾಗುವುದು ಕೈಗೆ.